ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್, ಒಳಗೆ ಎಂತೆಲ್ಲ ಆಗ್ತದೆ ಹೇಳ್ತೀರಾ?

ಪೆರ್ಲದವಳು:
ನಮಸ್ಕಾರ ಎಲ್ಲರಿಗೂ. ಅಮ್ಮನಿಗೆ 71 ವರ್ಷ, ಎರಡೂ ಕಣ್ಣಲ್ಲಿ ಪೊರೆ ಉಂಟು, ಬಲದ್ದು ಜಾಸ್ತಿ. ರಾತ್ರಿ ಎದುರಿಂದ ಜೀಪು ಬಂದ್ರೆ ಲೈಟು ಒಡೆದು ಚೆಲ್ಲಿದ ಹಾಗೆ ಕಾಣ್ತದಂತೆ, ಅಕ್ಕಿಯಲ್ಲಿ ಕಲ್ಲು ಇದ್ರೆ ಗೊತ್ತಾಗುದಿಲ್ಲ. ಬರುವ ವಾರ ಕಾಸರಗೋಡಿನಲ್ಲಿ ಬಲದ ಕಣ್ಣಿಗೆ ಡೇಟ್ ಕೊಟ್ಟಿದ್ದಾರೆ. ಎಚ್ಚರ ಇರುವಾಗಲೇ ಮಾಡ್ತಾರೆ ಅಂತ ಯಾರೋ ಹೇಳಿದ ಮೇಲೆ ಅಮ್ಮನಿಗೆ ನಿದ್ದೆ ಇಲ್ಲ. ಇನ್ನೊಂದು, ಅವರಿಗೆ ಕನ್ನಡ ತುಳು ಬಿಟ್ರೆ ಮಲಯಾಳ ಬರುದಿಲ್ಲ, ಒಳಗೆ ನನ್ನನ್ನು ಬಿಡುದಿಲ್ಲ, ಹೇಳಿದ್ದು ಅರ್ಥ ಆಗದೆ ಅಲ್ಲಾಡಿಬಿಟ್ರೆ ಎಂತ ಮಾಡುದು? ಶುಗರ್ ಬೇರೆ ಉಂಟು. ನೆರೆಮನೆಯವರು ಪೊರೆ ಪೂರ್ತಿ ಹಣ್ಣಾಗ್ಲಿ, ಈಗ ಬೇಡ ಅಂತಿದ್ದಾರೆ.

ಮುಳ್ಳೇರಿಯ ತೋಟ:
ನಂಗೆ ಎರಡೂ ಕಣ್ಣಿಗೆ ಆಗಿದೆ, ಒಂದಾದ ಮೇಲೆ ಒಂದೂವರೆ ತಿಂಗಳು ಬಿಟ್ಟು ಇನ್ನೊಂದು. ಅಮ್ಮನಿಗೆ ಹೀಗೆ ಹೇಳಿ. ಮೊದಲು ಪಾಪೆ ದೊಡ್ಡದಾಗ್ಲಿಕ್ಕೆ ಡ್ರಾಪ್ಸ್ ಹಾಕಿ ಹಾಕಿ ಕೂರಿಸ್ತಾರೆ, ಅದೇ ಒಂದು ಗಂಟೆ ಹೋಗ್ತದೆ, ಮತ್ತೆ ಒಳಗೆ ಮಲಗಿಸಿ ಕಣ್ಣು ಮರಗಟ್ಟುವ ಡ್ರಾಪ್ಸ್, ಕೆಲವರಿಗೆ ಕಣ್ಣಿನ ಪಕ್ಕ ಇಂಜೆಕ್ಷನ್. ಮುಖಕ್ಕೆ ಬಟ್ಟೆ ಮುಚ್ಚಿ ಆ ಕಣ್ಣು ಮಾತ್ರ ಹೊರಗೆ ಬಿಡ್ತಾರೆ, ರೆಪ್ಪೆಗೆ ಕ್ಲಿಪ್ ಹಾಕ್ತಾರೆ, ಹಾಗಾಗಿ ಕಣ್ಣು ಮುಚ್ಚಿ ಹೋದೀತು ಅಂತ ಹೆದರಬೇಕಾದ್ದೇ ಇಲ್ಲ. ಕತ್ತಿ ಗಿತ್ತಿ ಒಂದೂ ಕಾಣುದಿಲ್ಲ. ಮೇಲಿಂದ ಜೋರು ಬೆಳಕು, ಅದರೊಳಗೆ ಬಣ್ಣ ಬಣ್ಣ ಓಡಾಡಿದ ಹಾಗೆ, ತಣ್ಣಗೆ ನೀರು ಹರಿದ ಹಾಗೆ, ಮೆಷಿನ್ ಶಬ್ದ, ಸ್ವಲ್ಪ ಒತ್ತಿದ ಹಾಗೆ, ನಂಗೆ ನೋವು ಅಂತ ಆಗ್ಲಿಲ್ಲ. ಹದಿನೈದು ನಿಮಿಷದಲ್ಲಿ ಮುಗೀತು. ಕೆಮ್ಮು ಬಂದ್ರೆ ಬಾಯಲ್ಲಿ ಮೊದಲು ಹೇಳ್ಬೇಕು, ತಲೆ ಎತ್ತಬಾರ್ದು, ಅದೊಂದು ಈಗಿಂದಲೇ ಅಭ್ಯಾಸ ಮಾಡಿಸಿ.

ಭಾಷೆಗೆ ಒಂದು ಉಪಾಯ. "ತಾಳೆ ನೋಕ್ಕು" ಅಂದ್ರೆ ಕೆಳಗೆ ನೋಡಿ, "ಲೈಟಿಲೇಕ್ ನೋಕ್ಕು" ಅಂದ್ರೆ ಬೆಳಕನ್ನೇ ನೋಡಿ, "ಅನಙರುದ್" ಅಂದ್ರೆ ಅಲ್ಲಾಡಬೇಡಿ. ಈ ಮೂರು ಸಾಕು, ದಿನಾ ರಾತ್ರಿ ಊಟ ಆದ ಮೇಲೆ ಹೇಳಿಸಿ. ಮತ್ತೆ ಹಿಂದಿನ ದಿನವೇ ಹೋಗಿ ಇವರಿಗೆ ಕನ್ನಡ ಮಾತ್ರ ಬರುದು ಅಂತ ಸಿಸ್ಟರ್ ಹತ್ರ ಹೇಳಿಡಿ. ನಮ್ಮ ಕಡೆ ಕನ್ನಡವೋ ತುಳುವೋ ಬರುವ ಸಿಸ್ಟರ್ ಒಬ್ಬರಾದ್ರೂ ಇರ್ತಾರೆ, ನಾವು ಕೇಳುದಿಲ್ಲ ಅಷ್ಟೆ.

ಮರುದಿನ ಪಟ್ಟಿ ಬಿಚ್ಚಿದಾಗ ಮಂಜು ಮಂಜಾಗಿತ್ತು, ಮೂರನೇ ದಿನಕ್ಕೆ ತಿಳಿಯಾಯ್ತು. ನಮ್ಮ ಚಾವಡಿ ಗೋಡೆ ಬಿಳಿ ಅಂತ ಗೊತ್ತಾದದ್ದೇ ಅವತ್ತು, ಇನ್ನೊಂದು ಕಣ್ಣಲ್ಲಿ ನೋಡಿದ್ರೆ ಅದೇ ಗೋಡೆ ಚಾ ಚೆಲ್ಲಿದ ಹಾಗೆ ಕಾಣ್ತಿತ್ತು.

ಕುಂಬಳೆ_ಆಪ್ಟಿಕಲ್ಸ್:
ನಾನು ಕಣ್ಣಿನಾಸ್ಪತ್ರೆಯಲ್ಲಿ ಟೆಕ್ನಿಶಿಯನ್ ಆಗಿದ್ದೆ. ಹಣ್ಣಾಗ್ಲಿ ಅಂತ ಕಾಯುದು ಹಳೇ ಕಾಲದ ಮಾತು. ಈಗ 2-3 ಮಿಲಿಮೀಟರ್ ಗಾಯದ ಮೂಲಕ ಅಲ್ಟ್ರಾಸೌಂಡಿನಲ್ಲಿ ಪೊರೆ ಪುಡಿ ಮಾಡಿ ಎಳೆದು, ಮಡಚಿದ ಲೆನ್ಸ್ ಒಳಗೆ ಬಿಡ್ತಾರೆ, ಹೆಚ್ಚಾಗಿ ಹೊಲಿಗೆ ಬೇಡ. ಪೊರೆ ಗಟ್ಟಿಯಾದಷ್ಟು ಪುಡಿ ಮಾಡುದು ಕಷ್ಟ, ಕೆಲವೊಮ್ಮೆ ಗಾಯ ದೊಡ್ಡದು ಮಾಡ್ಬೇಕಾಗ್ತದೆ. ಆದ್ರಿಂದ ಮುಂದೆ ಹಾಕಬೇಡಿ.

ಲೆನ್ಸಿನ ಪವರ್ ಲೆಕ್ಕ ಹಾಕ್ಲಿಕ್ಕೆ ಕಣ್ಣಿನ ಉದ್ದ ಅಳೀತಾರಲ್ಲ, ಆಗ ಅಮ್ಮ ದಿನಾ ಎಂತ ಕೆಲಸ ಮಾಡ್ತಾರೆ ಅಂತ ಹೇಳಿ. ಸಾಧಾರಣ ಮೋನೋಫೋಕಲ್ ಲೆನ್ಸ್, ಅಂದ್ರೆ ಒಂದೇ ದೂರಕ್ಕೆ ಸರಿ ಕಾಣುವಂಥದ್ದು, ಅದನ್ನು ದೂರಕ್ಕೆ ಇಟ್ರೆ ಹೂ ಕಟ್ಲಿಕ್ಕೆ, ಪೇಪರ್ ಓದ್ಲಿಕ್ಕೆ ಕನ್ನಡಕ ಬೇಕೇ ಬೇಕು, ಇದು ಮೊದಲೇ ಗೊತ್ತಿಲ್ಲದೆ ಎಷ್ಟೋ ಜನ ಆಮೇಲೆ ಬೇಜಾರು ಮಾಡ್ಕೊಳ್ತಾರೆ. ಕನ್ನಡಕ ಕೂಡ್ಲೇ ಮಾಡಿಸಬೇಡಿ, ಗಾಯ ಮಾಗಿ ಪವರ್ ನಿಲ್ಲಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಶುಗರ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆ ಎಲ್ಲದರ ಚೀಟಿ ತಗೊಂಡು ಹೋಗಿ, ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಅಪ್ಪಂದಿರಿಗೆ ಮಾಡಿಸುವವರು ಓದ್ತಿದ್ರೆ, ಮೂತ್ರಕ್ಕೆ ಟ್ಯಾಮ್ಸುಲೋಸಿನ್ ತಗೊಳ್ತಿದ್ರೆ ಡಾಕ್ಟ್ರಿಗೆ ಹೇಳ್ಲೇಬೇಕು, ಅದರಿಂದ ಆಪರೇಷನ್ ಹೊತ್ತಲ್ಲಿ ಪಾಪೆಯ ಸುತ್ತ ಇರುವ ಬಣ್ಣದ ಪರದೆ ಸಡಿಲ ಆಗ್ತದೆ.

ನೀರ್ಚಾಲು77:
ಆಪರೇಷನ್ ಚಿಕ್ಕದು, ಡ್ರಾಪ್ಸೇ ದೊಡ್ಡ ಕೆಲಸ. ನಮ್ಮ ಅಪ್ಪನಿಗೆ ಮನೆಗೆ ಕಳಿಸುವಾಗ ಚೀಟಿ ಎಲ್ಲ ಮಲಯಾಳದಲ್ಲಿ, ದಿನಕ್ಕೆ ಆರು ಸಲ ಇದ್ದದ್ದು ವಾರ ವಾರ ಕಮ್ಮಿ ಮಾಡ್ತಾ ಹೋಗ್ಬೇಕಿತ್ತು, ನಮಗೆ ಯಾರೂ ವಿವರಿಸ್ಲಿಲ್ಲ, ಕಣ್ಣು ಚೆನ್ನಾಗಿ ಕಾಣ್ತದಲ್ಲ ಅಂತ ಹತ್ತನೇ ದಿನಕ್ಕೆ ನಿಲ್ಲಿಸಿದ್ರು. ಕಣ್ಣು ಕೆಂಪಾಗಿ ಬೆಳಕು ನೋಡ್ಲಿಕ್ಕಾಗದೆ ಪುನಃ ಓಡ್ಬೇಕಾಯ್ತು. ಈಗಲೂ ನೆನೆದ್ರೆ ಸಂಕಟ ಆಗ್ತದೆ. ನೀವು ಅಲ್ಲೇ ಕೂತು ಕನ್ನಡದಲ್ಲಿ ಬರ್ಕೊಂಡು, ಕ್ಯಾಲೆಂಡರ್ ಪಕ್ಕ ಅಂಟಿಸಿ. ಕೈ ತೊಳೆದೇ ಹಾಕಿ, ಎರಡು ಬಾಟ್ಲಿ ಇದ್ರೆ ಮಧ್ಯೆ ಐದು ನಿಮಿಷ ಬಿಡಿ. ಡಾಕ್ಟ್ರು ಹೇಳುವವರೆಗೆ ತಲೆಗೆ ಮೀಯುದು ಬೇಡ, ಒಲೆ ಊದುದು ಬೇಡ, ಅಡಿಕೆ ಸುಲಿಯುವಲ್ಲಿ ಹಟ್ಟಿಯಲ್ಲಿ ಧೂಳಿಗೆ ಹೋಗುದು ಬೇಡ. ರಾತ್ರಿ ಕಣ್ಣಿಗೆ ಮುಚ್ಚುವ ಶೀಲ್ಡ್ ಹಾಕಿಯೇ ಮಲಗಲಿ. ನೋವು ಜಾಸ್ತಿ ಆದ್ರೆ, ದೃಷ್ಟಿ ಪುನಃ ಕಮ್ಮಿಯಾದ್ರೆ, ಮಿಂಚು ಹೊಡೆದ ಹಾಗೆ ಕಂಡ್ರೆ ಬೆಳಗಾಗ್ಲಿ ಅಂತ ಕಾಯಬೇಡಿ.

ಪೆರ್ಲದವಳು:
ತುಂಬಾ ಉಪಕಾರ ಆಯ್ತು. ಇದನ್ನೆಲ್ಲ ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಕ್ಲಿಪ್ ಹಾಕ್ತಾರೆ ಅಂದದ್ದಕ್ಕೆ ಸಮಾಧಾನ ಆಗಿದೆ, ಕಣ್ಣು ಮುಚ್ಚಿಬಿಟ್ರೆ ಅಂತಲೇ ಹೆದರಿಕೆ ಇತ್ತಂತೆ, ನಂಗೆ ಹೇಳಿರ್ಲೇ ಇಲ್ಲ. ನಾಳೆ ಹೋಗಿ ಸಿಸ್ಟರ್ ಹತ್ರ ಮಾತಾಡ್ತೇನೆ. ಈಗ ಜಗಲಿಯಲ್ಲಿ ಕೂತು ಅನಙರುದ್ ಅನಙರುದ್ ಅಂತ ಹೇಳ್ಕೊಳ್ತಾ ಇದ್ದಾರೆ.