ಪದಚರ್ಚೆ: ಹೆಸರು ಬಂದಿದೆ, ಕುರ್ಚಿ ಇನ್ನೂ ಬಂದಿಲ್ಲ. ಇವರನ್ನು ಏನೆಂದು ಕರೆಯೋಣ?

ಗೆಳೆಯರೇ, ನಮಸ್ಕಾರ.

ನಾನು ಸೋಮವಾರಪೇಟೆ ಕಡೆಯವಳು. ನಮ್ಮೂರಿನ ಓದುವ ಕೋಣೆಯ ಗೋಡೆಗೆ ವಾರಕ್ಕೊಂದು ಹಾಳೆ ಬರೆದು ಅಂಟಿಸುತ್ತೇನೆ. ಸ್ಕೂಲು ಬಿಟ್ಟು ಬರುವ ಮಕ್ಕಳು, ತೋಟದ ಕೆಲಸ ಮುಗಿಸಿ ಬರುವವರು ನಿಂತು ಓದುತ್ತಾರೆ. ಈ ವಾರ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಒಂದು ಸ್ಥಾನ ಖಾಲಿಯಾದರೆ ಏನೇನು ನಡೆಯುತ್ತದೆ ಅಂತ ಬರೆಯಲು ಕೂತೆ. ಒಂದು ಪದದ ಹತ್ತಿರ ಪೆನ್ನು ನಿಂತುಬಿಟ್ಟಿತು.

ಅಲ್ಲಿ ಒಟ್ಟು 9 ನ್ಯಾಯಮೂರ್ತಿಗಳು. ನಮ್ಮ ಹಾಗೆ 65ಕ್ಕೆ ನಿವೃತ್ತಿ ಅಂತ ಇಲ್ಲ. ಒಬ್ಬರು ತೀರಿಕೊಂಡರೆ ಅಥವಾ ತಾವಾಗಿ ಬಿಟ್ಟರೆ, ಅಧ್ಯಕ್ಷರು ಒಬ್ಬರ ಹೆಸರು ಹೇಳುತ್ತಾರೆ. ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ, ಅವರನ್ನು ಕರೆಸಿ ಪ್ರಶ್ನೆ ಕೇಳಿ, ಮತಕ್ಕೆ ಹಾಕುತ್ತದೆ. ಒಪ್ಪಿದರೆ ಮಾತ್ರ ಕುರ್ಚಿ. ಹೆಸರು ಬಂದ ದಿನದಿಂದ ಸೆನೆಟ್ ತೀರ್ಮಾನದ ದಿನದವರೆಗೆ ಆ ವ್ಯಕ್ತಿಗೆ ಕನ್ನಡದಲ್ಲಿ ಏನನ್ನಬೇಕು? ಇಷ್ಟೇ ನನ್ನ ಪ್ರಶ್ನೆ.

ಮೊದಲು ‘ನಾಮಿನಿ’ ಅಂತಲೇ ಬರೆದಿದ್ದೆ. ಅಮ್ಮ ಕಣದಲ್ಲಿ ಕಾಫಿ ಹರವುತ್ತಿದ್ದರು. ಪಕ್ಕದಲ್ಲಿ ಕೂತು ಓದಿ ಹೇಳಿದೆ. ಅವರು ಕೈ ನಿಲ್ಲಿಸಿ ಕೇಳಿದರು: “ನಾಮಿನಿ ಅಂದ್ರೆ ನಾವು ಹೋದ್ಮೇಲೆ ದುಡ್ಡು ಯಾರಿಗೆ ಸೇರ್ಬೇಕು ಅಂತ ಬರೆಸೋದಲ್ವಾ? ತೀರಿಕೊಂಡ ಜಡ್ಜು ಇವರ ಹೆಸರು ಬರೆಸಿದ್ರಾ?”

ಅಮ್ಮ ಕೇಳಿದ್ದು ಸರಿ. ಸಹಕಾರ ಸಂಘದ ಫಾರಂನಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ವಿಮೆಯ ಕಾಗದದಲ್ಲಿ ಎಲ್ಲರೂ ನೋಡಿರುವ ನಾಮಿನಿ ಅದೇ. ನಮ್ಮ ಮನೆಯ ಫಾರಂನಲ್ಲಿ ಆ ಸಾಲಿನ ಮುಂದೆ ಅಪ್ಪನ ದುಂಡು ಅಕ್ಷರದಲ್ಲಿ ಅಮ್ಮನ ಹೆಸರಿದೆ. ಅಪ್ಪ ಹೋದಮೇಲೆ ಅಮ್ಮ ಕಲಿತ ಪದ ಅದು. ಅದನ್ನು ಕೋರ್ಟಿನ ಸುದ್ದಿಗೆ ಎಳೆದು ತಂದರೆ ಕೇಳಿದವರಿಗೆ ಸಾವು, ಆಸ್ತಿ ನೆನಪಾಗುತ್ತದೆ. ಹೊಡೆದು ಹಾಕಿದೆ.

ಆಮೇಲೆ ಪತ್ರಿಕೆಗಳ ‘ನಾಮನಿರ್ದೇಶಿತ’. ಇದರ ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ರಾಜ್ಯಸಭೆಯ 12 ನಾಮನಿರ್ದೇಶಿತ ಸದಸ್ಯರು, ನಮ್ಮ ವಿಧಾನ ಪರಿಷತ್ತಿನ 75ರಲ್ಲಿ 11 ನಾಮನಿರ್ದೇಶಿತರು, ಪಟ್ಟಣ ಪಂಚಾಯಿತಿಗೆ ಸರ್ಕಾರ ಹಾಕಿದವರು. ಇವರೆಲ್ಲ ಈಗಾಗಲೇ ಸ್ಥಾನದಲ್ಲಿ ಇರುವವರು. ಕನ್ನಡದಲ್ಲಿ ನಾಮನಿರ್ದೇಶನ ಅಂದರೆ ಕೆಲಸ ಮುಗಿದಂತೆ. ಇನ್ಯಾರೂ ಒಪ್ಪಬೇಕಾಗಿಲ್ಲ. ಅಮೆರಿಕದಲ್ಲಿ ಕೆಲಸ ಶುರುವಾಗುವುದೇ ಅಲ್ಲಿಂದ.

ಮೆರಿಕ್ ಗಾರ್ಲೆಂಡ್ ವಿಷಯವನ್ನೇ ನೋಡಿ. 2016ರ ಫೆಬ್ರುವರಿಯಲ್ಲಿ ಅಲ್ಲಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಮಾರ್ಚ್ 16ಕ್ಕೆ ಒಬಾಮಾ ಗಾರ್ಲೆಂಡ್ ಹೆಸರು ಹೇಳಿದರು. ಸೆನೆಟ್ ಅವರನ್ನು ಒಪ್ಪಲಿಲ್ಲ, ತಿರಸ್ಕರಿಸಲೂ ಇಲ್ಲ. ವಿಚಾರಣೆಗೇ ಕರೆಯಲಿಲ್ಲ. 2017ರ ಜನವರಿ 3ಕ್ಕೆ ಆ ಹೆಸರು ತಾನಾಗಿಯೇ ಬಿದ್ದುಹೋಯಿತು. ಹೆಚ್ಚು ಕಡಿಮೆ ಹತ್ತು ತಿಂಗಳು! ‘ನಾಮನಿರ್ದೇಶಿತ ನ್ಯಾಯಮೂರ್ತಿ’ ಅಂತ ಬರೆದರೆ, ಅವರು ಅಷ್ಟು ದಿನ ಅಲ್ಲಿ ಕೂತು ತೀರ್ಪು ಕೊಟ್ಟರು ಅಂತ ನಮ್ಮ ಓದುಗರು ತಿಳಿಯುತ್ತಾರೆ. 1987ರಲ್ಲಿ ರಾಬರ್ಟ್ ಬೋರ್ಕ್ ಅವರನ್ನು ಸೆನೆಟ್ 58-42ರಲ್ಲಿ ತಳ್ಳಿಹಾಕಿತು. ನಮ್ಮಲ್ಲಿ ನಾಮನಿರ್ದೇಶಿತರು ಸೋಲುವುದು ಅಂತಲೇ ಇಲ್ಲವಲ್ಲ!

ಇದು ಬರೀ ದೂರದ ಮಾತೂ ಅಲ್ಲ. ನಮ್ಮ ಕೊಡಗಿನವರೇ ಆದ ಎ.ಎಸ್. ಬೋಪಣ್ಣ ಅವರನ್ನು ನೆನೆಯಿರಿ. ಆಗ ಗುವಾಹಟಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. 2019ರ ಏಪ್ರಿಲ್ 12ಕ್ಕೆ ಕೊಲಿಜಿಯಂ, ಅಂದರೆ ಭಾರತದ ಮುಖ್ಯ ನ್ಯಾಯಮೂರ್ತಿ ಮತ್ತು ಅವರ ನಂತರದ ನಾಲ್ವರು ಹಿರಿಯ ನ್ಯಾಯಮೂರ್ತಿಗಳು, ಸುಪ್ರೀಂ ಕೋರ್ಟ್‌ಗೆ ಅವರ ಹೆಸರು ಕಳಿಸಿದರು. ಕೇಂದ್ರ ಸರ್ಕಾರ ಮತ್ತೊಮ್ಮೆ ನೋಡಿ ಅಂತ ವಾಪಸ್ ಕಳಿಸಿತು. ಮೇ 8ಕ್ಕೆ ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಕಳಿಸಿತು. ಮೇ 24ಕ್ಕೆ ಪ್ರಮಾಣವಚನ. ಆ 42 ದಿನ ಅವರು ಕನ್ನಡದಲ್ಲಿ ಯಾರು? ‘ಹೆಸರು ಶಿಫಾರಸಾಗಿದೆ’ ಅನ್ನಬಹುದು, ಅದು ಹೆಸರಿನ ಬಗ್ಗೆ. ಮನುಷ್ಯನಿಗೆ ಅಂಟಿಸಿ ‘ಶಿಫಾರಸಾದವರು’ ಅಂದರೆ ಮಾತು ಕೆಡುತ್ತದೆ. ಯಾರದ್ದೋ ಚೀಟಿ ಹಿಡಿದು ಬಂದವರು ಅನ್ನುವ ಅರ್ಥ ಬರುತ್ತದೆ. ಅಂಥ ಹುದ್ದೆಗೆ ಹೋಗುವವರ ಬಗ್ಗೆ ಹಾಗೆ ಬರೆಯಲು ನನಗೆ ಮನಸ್ಸಿಲ್ಲ.

‘ಅಭ್ಯರ್ಥಿ’ ಬೇಡ. ಅದು ತಾನೇ ಕೇಳಿಕೊಂಡು ಬರುವವರಿಗೆ, ಚುನಾವಣೆಗೆ, ಪರೀಕ್ಷೆಗೆ ಸರಿ. ‘ಉಮೇದುವಾರ’ಕ್ಕೂ ಅದೇ ಮಾತು. ‘ನಿಯೋಜಿತ’ ಒಮ್ಮೆ ಚೆನ್ನಾಗಿ ಕಂಡಿತು. ಆದರೆ ನಿಯೋಜಿತ ಮುಖ್ಯಮಂತ್ರಿ ಅಂದರೆ ಗೆದ್ದಾಗಿದೆ, ಪ್ರಮಾಣವಚನ ಮಾತ್ರ ಬಾಕಿ. ಬೋರ್ಕ್‌ಗೆ ಅದು ಹೊಂದುವುದಿಲ್ಲ. ಸಾಲದ್ದಕ್ಕೆ ನಮ್ಮೂರ ಮೇಷ್ಟ್ರು ‘ನಿಯೋಜನೆ ಮೇಲೆ’ ಬೇರೆ ಶಾಲೆಗೆ ಹೋಗಿದ್ದಾರೆ!

ಕೊನೆಗೆ ಪದ ಸಿಕ್ಕಿದ್ದು ಸಂಘದ ಮಹಾಸಭೆಯ ನೆನಪಿನಲ್ಲಿ. ಅಲ್ಲಿ ಒಬ್ಬರು ಎದ್ದು “ಇಂಥವರ ಹೆಸರನ್ನು ಸೂಚಿಸುತ್ತೇನೆ” ಅನ್ನುತ್ತಾರೆ. ಹಿಂದಿನ ಬೆಂಚಿನಿಂದ ಇನ್ನೊಬ್ಬರು “ಅನುಮೋದಿಸುತ್ತೇನೆ” ಅನ್ನುತ್ತಾರೆ. ಅಷ್ಟಾದ ಮೇಲೇ ಚಪ್ಪಾಳೆ. ಸೂಚಕರು, ಅನುಮೋದಕರು ಅಂತ ನಡಾವಳಿ ಪುಸ್ತಕದಲ್ಲೂ ಬರೆಯುತ್ತಾರೆ. ಸೂಚಿಸುವುದರ ಬೆನ್ನಿಗೇ ಒಪ್ಪಿಗೆಯೊಂದು ಬಾಕಿ ಇದೆ ಅಂತ ಊರಿನವರಿಗೆಲ್ಲ ಗೊತ್ತು. ಅಧ್ಯಕ್ಷರು ಸೂಚಕರು, ಸೆನೆಟ್ ಅನುಮೋದಕರು ಅಂದುಕೊಂಡರೆ ನಡುವೆ ಇರುವವರು ‘ಸೂಚಿತರು’ ಆಗಬಹುದಲ್ವಾ? “ಸೆನೆಟ್ ಸೂಚಿತರನ್ನು ಪ್ರಶ್ನಿಸಿತು.” “ಒಬಾಮಾ ಅವರ ಸೂಚಿತರಿಗೆ ವಿಚಾರಣೆಯೇ ಸಿಗಲಿಲ್ಲ.” ನನ್ನ ಕಿವಿಗೆ ಒಗ್ಗುತ್ತಿದೆ. ಅಮ್ಮನಿಗೂ ಓದಿ ಹೇಳಿದೆ. “ಹೆಸರು ಹೇಳಿದಾರೆ, ಇನ್ನೂ ಒಪ್ಪಿಲ್ಲ, ಅಷ್ಟೇ ತಾನೆ?” ಅಂದರು.

ಒಂದು ಅಳುಕಿದೆ. ‘ಸೂಚಿತ’ ಅಂದರೆ ‘ಮೇಲೆ ತಿಳಿಸಿದ’ ಅನ್ನುವ ಅರ್ಥವೂ ಕಚೇರಿ ಕಾಗದಗಳಲ್ಲಿ ಓಡಾಡುತ್ತದೆ. ಓದುಗರು ಅತ್ತ ಜಾರುತ್ತಾರಾ? ಕೋರ್ಟ್ ಸುದ್ದಿ ಬರೆಯುವವರು, ವಕೀಲರು ಇಲ್ಲಿದ್ದೀರಿ. ನೀವು ದಿನಾ ಏನು ಬಳಸುತ್ತೀರಿ? ಧಾರವಾಡ, ಕಲಬುರಗಿ ಕಡೆ ಇದಕ್ಕೆ ಬೇರೆ ಮಾತು ಇದೆಯಾ? ಒಂಟಿ ಪದವೇ ಬೇಡ, ‘ಹೆಸರು ಸೂಚಿಸಲಾದವರು’ ಅಂತ ಬಿಡಿಸಿ ಬರೆಯುವುದೇ ಮೇಲು ಅನ್ನುವವರಿದ್ದರೆ ಅದನ್ನೂ ಹೇಳಿ. ತಲೆಬರಹದಲ್ಲಿ ಅದಕ್ಕೆ ಜಾಗ ಸಾಲುವುದಿಲ್ಲ ಅನ್ನುವುದೊಂದೇ ನನ್ನ ಕಷ್ಟ.

ಸದ್ಯಕ್ಕೆ ಹಾಳೆಯಲ್ಲಿ ಆ ಪದವನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಶನಿವಾರ ಅಂಟಿಸಬೇಕು. ಅಷ್ಟರೊಳಗೆ ತಿಳಿಸಿ.