ಗೊರಕೆ ಜಗಳ, ಭಾನುವಾರ ಬೆಳಿಗ್ಗೆ

ದೊಡ್ಡಪ್ಪ ಬೆಳಿಗ್ಗೆ 6.10ಕ್ಕೆ ನಮ್ಮ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. "ಗೊರಕೆ ಎಂದರೆ ಗಾಢ ನಿದ್ರೆ. ದಪ್ಪಗಿರುವವರು ಮಾತ್ರ ಹೆದರಬೇಕು. ಸಣ್ಣಗಿರುವವರು ಮಲಗುವಾಗ ಮೂಗಿಗೆ ಎರಡು ಹನಿ ಹಸುವಿನ ತುಪ್ಪ ಬಿಟ್ಟುಕೊಂಡರೆ ಸಾಕು, ಯಂತ್ರ ಗಿಂತ್ರ ಎಲ್ಲ ಆಸ್ಪತ್ರೆಯವರ ವ್ಯಾಪಾರ." ಕೆಳಗೆ ಏಳು ಕೈಮುಗಿದ ಚಿಹ್ನೆ. ಇಂಥದ್ದಕ್ಕೆಲ್ಲ ನಾನು ಬಾಯಿ ಹಾಕುವವಳಲ್ಲ. ಅವತ್ತು ಹಾಕಿದೆ. ಮುಂದೆ ನಡೆದದ್ದು ಇದು. ಮಧ್ಯೆ ಬಂದ ಶುಭೋದಯದ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ನಾನು: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಇದು ನಮ್ಮ ಮನೆಗಂತೂ ತಪ್ಪು. ನಾನು 54 ಕೆಜಿ ಇದ್ದೇನೆ. ಎರಡು ವರ್ಷದಿಂದ ಸಿಪ್ಯಾಪ್, ಅದೇ ಮಾಸ್ಕಿನಿಂದ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಯಂತ್ರ, ಹಾಕಿಕೊಂಡೇ ಮಲಗುತ್ತೇನೆ.

ದೊಡ್ಡಪ್ಪ: ಒಳ್ಳೆಯದು ಅಂತ ಸುಮ್ನೆ ಕಳಿಸಿದೆ ವಿದ್ಯಾ. ಬೇಡವಾದರೆ ಬಿಟ್ಟುಬಿಡು.

ರಘು ಅಣ್ಣ (ದೊಡ್ಡಪ್ಪನ ಮಗ): ತುಪ್ಪದ ಕಥೆ ಬಿಡು. ಆದರೆ ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ಈ ಸ್ಲೀಪ್ ಆಪ್ನಿಯಾ ಜಾಸ್ತಿ ತೂಕ ಇರುವವರ ತೊಂದರೆ ಅಲ್ವಾ? ನಮ್ಮ ಮನೆಯಲ್ಲಿ ಯಾರಿಗಿದೆ ದಪ್ಪ ಕುತ್ತಿಗೆ? ಎಲ್ಲ ಕೊಕ್ಕರೆಗಳು.

ನಾನು: ಕೊಕ್ಕರೆ ಆಗಿರುವುದೇ ಇಲ್ಲಿ ವಿಷಯ ಅಣ್ಣ. ನನಗೂ ಅಪ್ಪನಿಗೂ ಇರುವ ಮಾರ್ಫಾನ್ ಕಾಯಿಲೆ ಅಂದರೆ ಬರೀ ಎತ್ತರ, ಉದ್ದ ಬೆರಳು ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ಮೈಯೊಳಗಿನ ಅಂಗಾಂಶಗಳನ್ನು ಹಿಡಿದಿಡುವ ಫೈಬ್ರಿಲಿನ್ ಅನ್ನುವ ನೂಲು ಇದೆ, ಅದನ್ನು ಮಾಡುವ ಜೀನಿನಲ್ಲೇ ತಪ್ಪು. ಆ ನೂಲು ಸಡಿಲವಾದರೆ ಕಣ್ಣಿನ ಮಸೂರ ಜಾರುತ್ತದೆ, ನನಗೆ ಆದದ್ದು ಅದೇ. ಗಂಟಲೂ ಸಡಿಲವಾಗುತ್ತದೆ. ಅದರ ಮೇಲೆ ಅಂಗುಳ ಕಮಾನಿನ ಹಾಗೆ ಎತ್ತರ, ಹಲ್ಲು ಒಂದರ ಮೇಲೊಂದು, ಕೆಳದವಡೆ ಒಂಚೂರು ಹಿಂದೆ. ನಿದ್ರೆಯಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳುವುದಕ್ಕೆ ಇನ್ನು ಕೊಬ್ಬು ಬೇರೆ ಬೇಕಾ?

ಲಲಿತ ದೊಡ್ಡಮ್ಮ: ಅಂಗುಳ ಎತ್ತರ ನಿಮ್ಮ ದೊಡ್ಡಪ್ಪನದೂ ಹಾಗೇ ಇದೆ ಪುಟ್ಟಿ. ಹಲ್ಲಿನ ಸೆಟ್ ಮಾಡಿಸುವಾಗ ಅಳತೆ ಸಿಗದೆ ಡಾಕ್ಟರು ಮೂರು ಸಲ ಅಚ್ಚು ತೆಗೆದರು.

ದೊಡ್ಡಪ್ಪ: ಅದೆಲ್ಲ ಇಲ್ಲಿ ಯಾಕೆ.

ಲಲಿತ ದೊಡ್ಡಮ್ಮ: ಯಾಕೆ ಅಂದರೆ ಗೊರಕೆ ಕೇಳುವವಳು ನಾನು. ಗೊರಕೆ ಹೊಡೆಯುವಾಗ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ, ನಲವತ್ತೈದು ವರ್ಷದ ಅಭ್ಯಾಸ. ಅದು ನಿಂತಾಗಲೇ ಎಚ್ಚರ ಆಗುವುದು. ಕತ್ತಲಲ್ಲಿ ಎಣಿಸುತ್ತಾ ಮಲಗಿರುತ್ತೇನೆ. ಹದಿನೆಂಟು, ಇಪ್ಪತ್ತರವರೆಗೂ ಹೋಗಿದ್ದಿದೆ. ಆಮೇಲೆ ನೀರಲ್ಲಿ ಮುಳುಗಿದವರು ಮೇಲೆ ಬಂದ ಹಾಗೆ ಒಂದು ಸಲ ಗಕ್ ಅಂತ ಎಳೆದುಕೊಳ್ಳುತ್ತಾರೆ.

(ಇದನ್ನು ದೊಡ್ಡಮ್ಮ ಯಾರಿಗೂ ಹೇಳಿರಲಿಲ್ಲ. ನಾನು ಎರಡು ಸಲ ಓದಿದೆ.)

ನಾನು: ದೊಡ್ಡಮ್ಮ, 10 ಸೆಕೆಂಡು ಉಸಿರು ನಿಂತರೆ ಅದು ಲೆಕ್ಕಕ್ಕೆ ಬರುತ್ತದೆ. ಗಂಟೆಗೆ ಇಂಥವು 5ರಿಂದ 15 ಇದ್ದರೆ ಸೌಮ್ಯ, 30 ದಾಟಿದರೆ ತೀವ್ರ. ನನಗೆ 22 ಇತ್ತು. ಅದು ಗೊತ್ತಾಗುವ ಮುಂಚೆ ನಾನು ರೆಡ್ ಸಿಗ್ನಲ್ಲಿನಲ್ಲಿ ಸ್ಕೂಟರ್ ಮೇಲೆ ಕೂತೇ ತೂಕಡಿಸುತ್ತಿದ್ದೆ, ಹಿಂದಿನ ಆಟೋದವನು ಹಾರ್ನ್ ಹೊಡೆದು ಎಬ್ಬಿಸುತ್ತಿದ್ದ.

ರಘು ಅಣ್ಣ: ಸರಿ, ನಿದ್ದೆ ಕೆಡುತ್ತದೆ, ಒಪ್ಪಿದೆ. ಹೃದಯಕ್ಕೆ ಯಾಕೆ ಗಂಟು ಹಾಕುತ್ತೀಯಾ? 2016ರಲ್ಲಿ ದೊಡ್ಡ ಅಧ್ಯಯನ ಬಂತು, ಸೇವ್ ಅಂತ ಹೆಸರು, 2,717 ಜನ. ಮೊದಲೇ ಹೃದಯದ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದವರು. ಸಿಪ್ಯಾಪ್ ಕೊಟ್ಟರೂ ಹಾರ್ಟ್ ಅಟ್ಯಾಕು, ಸ್ಟ್ರೋಕು ಕಡಿಮೆ ಆಗಲಿಲ್ಲ. ಫಾರ್ವರ್ಡಿನಲ್ಲಿ ವ್ಯಾಪಾರ ಅಂದಿದ್ದು ಪೂರ್ತಿ ಸುಳ್ಳಲ್ಲ.

ನಾನು: ಓದಿದ್ದೇನೆ. ಅವರು ರಾತ್ರಿಗೆ ಸರಾಸರಿ 3.3 ಗಂಟೆ ಹಾಕಿಕೊಂಡಿದ್ದರು. ಅರ್ಧ ರಾತ್ರಿ ಕೊಡೆ ಹಿಡಿದು ಬೆಳಿಗ್ಗೆ ನೆನೆದೆ ಅಂದರೆ ಹೇಗೆ? ಅದಿರಲಿ, ಅವರ ತೊಂದರೆ ಬೇರೆ, ನಮ್ಮದು ಬೇರೆ. ಅಲ್ಲಿ ನೋಡಿದ್ದು ಮುಖ್ಯವಾಗಿ ಬ್ಲಾಕ್ ಆಗುವ ರಕ್ತನಾಳ. ನಮ್ಮಲ್ಲಿ ಅಯೋರ್ಟಾ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅದರ ಗೋಡೆಯೇ ಸಡಿಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಅಗಲ ಆಗುತ್ತದೆ, ಕೊನೆಗೆ ಸೀಳಬಹುದು. ಈಗ ಗಂಟಲು ಮುಚ್ಚಿಕೊಂಡಿದೆ, ಆದರೂ ಎದೆ ಉಸಿರೆಳೆಯಲು ಒದ್ದಾಡುತ್ತಿದೆ ಅಂದುಕೋ. ಸ್ಟ್ರಾ ತುದಿಗೆ ಬೆರಳಿಟ್ಟು ಎಳೆದ ಹಾಗೆ. ಎದೆಯೊಳಗಿನ ಒತ್ತಡ ಪಾತಾಳಕ್ಕೆ ಇಳಿಯುತ್ತದೆ, ಒಳಗೆ ರಕ್ತ ತಳ್ಳುತ್ತಿರುವ ಆ ಗೋಡೆಯನ್ನು ಹೊರಗಿನಿಂದಲೂ ಎಳೆದ ಹಾಗಾಗುತ್ತದೆ. ಗಕ್ ಅಂತ ಎಚ್ಚರವಾದಾಗ ಬಿಪಿ ಜಿಗಿಯುತ್ತದೆ. ರಾತ್ರಿ ಇಳಿಯಬೇಕಾದ ಬಿಪಿ ಅದು. ಗಂಟೆಗೆ 22 ಸಲ, ರಾತ್ರಿಗೆ ಎಂಟು ಗಂಟೆ, ನೀನೇ ಗುಣಿಸು.

ರಘು ಅಣ್ಣ: ತರ್ಕ ಚೆನ್ನಾಗಿದೆ. ಸಾಕ್ಷಿ?

ನಾನು: ಕಡಿಮೆ ಇದೆ, ಸುಳ್ಳು ಹೇಳಲ್ಲ. 1981ರಲ್ಲಿ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಅನ್ನುವ ಡಾಕ್ಟರು ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಗಾಳಿ ಎಳೆಯುವ ಬದಲು ಊದುವ ಹಾಗೆ ಮಾಡಿ ಈ ಯಂತ್ರ ಶುರು ಮಾಡಿದರು. ವ್ಯಾಪಾರ ಆಮೇಲೆ ಬಂತು. ಅದೇ ಸಿಡ್ನಿ ತಂಡ ತೊಂಬತ್ತರ ದಶಕದಲ್ಲಿ ಮಾರ್ಫಾನ್ ಇರುವವರನ್ನು ನೋಡಿತು. ಆಪ್ನಿಯಾ ತುಂಬಾ ಜನಕ್ಕಿತ್ತು. ಸಿಪ್ಯಾಪ್ ಹಾಕಿದ ಮೇಲೆ ಅಯೋರ್ಟಾ ಅಗಲ ಆಗುವುದು ನಿಧಾನ ಆಯಿತು ಅಂತ 1997ರಲ್ಲಿ ಬರೆದರು, ಆದರೆ ಅದು ಒಂದಿಬ್ಬರು ರೋಗಿಗಳ ಕಥೆ ಅಷ್ಟೇ. ಎಲರ್ಸ್ ಡ್ಯಾನ್ಲೋಸ್ ಅಂತ ಇದರ ದಾಯಾದಿ ಕಾಯಿಲೆ ಇದೆ. ಅದರಲ್ಲಿ 2017ರಲ್ಲಿ ಜ್ಯೂರಿಕ್‌ನವರು ನೂರು ರೋಗಿಗಳನ್ನು ನೂರು ಬೇರೆಯವರ ಜೊತೆ ಹೋಲಿಸಿದರು. ಆಪ್ನಿಯಾ ಇದ್ದದ್ದು 32 ಜನಕ್ಕೆ, ಆ ಕಡೆ 6 ಜನಕ್ಕೆ. ನನ್ನ ಅಯೋರ್ಟಾ 4.2 ಸೆಂ.ಮೀ ಇದೆ. 5 ಮುಟ್ಟಿದರೆ ಎದೆ ತೆರೆಯಬೇಕು. ಯಂತ್ರ ಅದನ್ನು ತಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಮಾತ್ರೆ ಬಿಟ್ಟಿಲ್ಲ, ವರ್ಷಕ್ಕೊಂದು ಎಕೋ, ಅಂದರೆ ಹೃದಯದ ಸ್ಕ್ಯಾನ್, ಬಿಟ್ಟಿಲ್ಲ. ರಾತ್ರಿಯ ಎಳೆದಾಟ ಒಂದಾದರೂ ಬೇಡ ಅಂತ.

ದೊಡ್ಡಪ್ಪ: ನನಗೆ 71 ಆಯಿತು. ಇಷ್ಟು ವರ್ಷ ಏನೂ ಆಗಿಲ್ಲ. ಈಗ ಎಲ್ಲರೂ ಸೇರಿ ನನ್ನನ್ನು ರೋಗಿ ಮಾಡುತ್ತಿದ್ದೀರಿ.

ಗಿರಿಜ ಚಿಕ್ಕಮ್ಮ: ಭಾವ, ನಿಮ್ಮ ತಮ್ಮನಿಗೂ ಏನೂ ಆಗಿರಲಿಲ್ಲ.

(ಚಿಕ್ಕಮ್ಮ ಈ ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಮಾತ್ರ ಬರೆಯುವುದು. ಮುಂದಿನ ಮೆಸೇಜ್ ಬರಲು ನಾಲ್ಕು ನಿಮಿಷ ಹಿಡಿಯಿತು. ಯಾರೂ ನಡುವೆ ಏನೂ ಹಾಕಲಿಲ್ಲ.)

ಗಿರಿಜ ಚಿಕ್ಕಮ್ಮ: 39 ವರ್ಷ ಅವರಿಗೆ. ಬೆನ್ನು ಸೀಳಿದ ಹಾಗೆ ನೋವು ಅಂದರು. ಆಸ್ಪತ್ರೆಯಲ್ಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಆಟೋದಲ್ಲಿ ಬರುವಾಗ ನನ್ನ ಹೆಗಲ ಮೇಲೆ ತಲೆ ಇಟ್ಟಿದ್ದರು, ಗೊರಕೆ ಹೊಡೆಯುತ್ತಿದ್ದಾರೆ ಅಂತ ನಾನು ಅಂದುಕೊಂಡೆ. ಆಗ ನಮಗೆ ಯಾರೂ ಹೇಳುವವರಿರಲಿಲ್ಲ. ಈಗ ವಿದ್ಯಾ ಹೇಳುತ್ತಿದ್ದಾಳೆ.

ರಘು ಅಣ್ಣ: ಚಿಕ್ಕಮ್ಮ 🙏

ನಾನು: ರಘು ಅಣ್ಣ, ನಾನು ನಿನ್ನ ಜೊತೆ ವಾದ ಮಾಡುತ್ತಿರುವುದು ಗೆಲ್ಲುವುದಕ್ಕಲ್ಲ. ನಿನ್ನ ಮಗಳಿಗೆ 14 ವರ್ಷ, 5 ಅಡಿ 10 ಇಂಚು, ವಾಲಿಬಾಲ್ ಟೀಮಿನಲ್ಲಿದ್ದಾಳೆ. ಫ್ಲೋ ಹೈಮನ್ ಹೆಸರು ನಿನಗೆ ಗೊತ್ತಿರುತ್ತದೆ. ಅಮೆರಿಕದ ವಾಲಿಬಾಲ್ ತಾರೆ, 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ಹೋದಳು, 31 ವರ್ಷ. ಮಾರ್ಫಾನ್ ಇತ್ತು ಅಂತ ಗೊತ್ತಾದದ್ದು ಆಮೇಲೆ.

ರಘು ಅಣ್ಣ: ಅವಳ ವಿಷಯ ಇಲ್ಲಿ ಬೇಡ.

ನಾನು: ತಪ್ಪಾಯಿತು. ಆದರೆ ಒಂದು ಮಾತು ಕೇಳು. ಇದು ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನಮ್ಮ ಮನೆಯ ಜೀನ್ ತಪ್ಪು ಯಾವುದು ಅಂತ ನನ್ನ ರಿಪೋರ್ಟಿನಲ್ಲೇ ಇದೆ. ದೊಡ್ಡಪ್ಪ ಒಂದು ಸಲ ರಕ್ತ ಕೊಟ್ಟು, ಅದು ಅವರಲ್ಲಿ ಇಲ್ಲ ಅಂತ ಬಂದರೆ, ನಿನಗೂ ಮಗುವಿಗೂ ಆ ದಾರಿಯಿಂದ ಬರುವುದಿಲ್ಲ. ಅವಳನ್ನು ಹೆದರಿಸುವ ಮೊದಲು ಇದೊಂದು ಆಗಲಿ.

(ಇಲ್ಲಿ ಅರ್ಧ ಗಂಟೆ ಸದ್ದಿಲ್ಲ. ರಘು ಅಣ್ಣ ನನಗೆ ಬೇರೆಯಾಗಿ ಒಂದು ಫೋಟೋ ಕಳಿಸಿದ್ದ. ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿದ ಕೈ, ಕಿರುಬೆರಳಿನ ಕಡೆಯಿಂದ ಉಗುರು ಪೂರ್ತಿ ಆಚೆ ಬಂದಿದೆ. ಮಾರ್ಫಾನ್ ಇದ್ದರೆ ಹೀಗೆ ಬರಬಹುದು ಅಂತ ಎಲ್ಲೋ ಓದಿ ಮಾಡಿ ನೋಡಿದ್ದಾನೆ. ಅವನ ಕೈಯೋ ಮಗಳ ಕೈಯೋ ನಾನು ಕೇಳಲಿಲ್ಲ. ಇದೊಂದರಿಂದಲೇ ಏನೂ ತೀರ್ಮಾನ ಆಗುವುದಿಲ್ಲ, ಎಕೋ ಮಾಡಿಸು ಅಂತ ಬರೆದೆ.)

ಲಲಿತ ದೊಡ್ಡಮ್ಮ: ಪುಟ್ಟಿ, ಗುರುವಾರ ನಾವು ಬರುತ್ತೇವೆ. ಎಕೋ, ರಕ್ತ, ಆ ನಿದ್ದೆಯ ಪರೀಕ್ಷೆ, ಮೂರೂ ಮಾಡಿಸು.

ನಾನು: ನಿದ್ದೆಯದಕ್ಕೆ ಒಂದು ರಾತ್ರಿ ಬೇಕು. ಮನೆಯಲ್ಲೇ ಮಾಡುವ ಮಷಿನ್ ಸಿಗುತ್ತದೆ, ಬೆರಳಿಗೊಂದು ಕ್ಲಿಪ್ಪು, ಮೂಗಿಗೊಂದು ಪೈಪು. ನಮ್ಮಲ್ಲೇ ಉಳಿಯಿರಿ.

ಲಲಿತ ದೊಡ್ಡಮ್ಮ: ಆ ರಾತ್ರಿ ನಾನು ಎಣಿಸಬೇಕಾಗಿಲ್ಲ ಅಲ್ವಾ?

ನಾನು: ಇಲ್ಲ. ಅದೇ ಎಣಿಸುತ್ತದೆ.

ದೊಡ್ಡಪ್ಪ: ಎಕೋಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ನಾನು: ಬೇಡ ದೊಡ್ಡಪ್ಪ. ತಿಂಡಿ ತಿಂದೇ ಬನ್ನಿ.