30 ವರ್ಷ ಮುಂದಿನ ಉದ್ಯೋಗದ ಅಂದಾಜು: ಟ್ರೆಂಡ್ ಗೆರೆ ಎಳೆದರೆ ಸಾಕಾ?

ಪ್ರಶ್ನೆ

ಒಂದು ಪ್ರದೇಶದ ನೀರು, ರಸ್ತೆ, ಒಳಚರಂಡಿಗೆ 30 ವರ್ಷದ ಯೋಜನೆ ತಯಾರಾಗುತ್ತಿದೆ. ಅಲ್ಲಿ ಮುಂದೆ ಎಷ್ಟು ಉದ್ಯೋಗ ಇರುತ್ತೆ ಅನ್ನೋ ಲೆಕ್ಕ ನನ್ನ ಪಾಲಿಗೆ ಬಂದಿದೆ. ಕೈಯಲ್ಲಿರುವುದು 12 ವರ್ಷದ ಅಂಕಿಅಂಶ, ಉದ್ಯಮವಾರು. ಸರಾಸರಿ ಬೆಳವಣಿಗೆ ವರ್ಷಕ್ಕೆ ಶೇ. 4. ಅದನ್ನೇ ಮುಂದಕ್ಕೆ ಎಳೆದರೆ ಮೂರು ಪಟ್ಟಿಗಿಂತ ಜಾಸ್ತಿ ಬರುತ್ತದೆ. ನನಗೇ ನಂಬಿಕೆ ಬರುತ್ತಿಲ್ಲ. ಎಂಜಿನಿಯರ್‌ಗಳಿಗೆ ಮಾತ್ರ ಒಂದೇ ಒಂದು ಸಂಖ್ಯೆ ಬೇಕಂತೆ. ಏನು ಮಾಡಲಿ?

ಉತ್ತರ 1

ನಂಬದೇ ಇದ್ದದ್ದು ಒಳ್ಳೆಯದಾಯಿತು. ಶೇ. 4 ಆದರೆ 30 ವರ್ಷಕ್ಕೆ 3.24 ಪಟ್ಟು. ಶೇ. 3 ಆದರೆ 2.43. ಶೇ. 2 ಆದರೆ 1.81. ಲೆಕ್ಕ ಶುರು ಮಾಡುವ ವರ್ಷ ಬದಲಿಸಿದರೂ ಸರಾಸರಿ ಇಷ್ಟು ಆಚೀಚೆ ಆಗಬಹುದು. ಕೋವಿಡ್ ವರ್ಷ 2020 ನಿಮ್ಮ ಅಂಕಿಯಲ್ಲಿದ್ದರೆ ಅದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಮಾಡಿ ನೋಡಿ.

ಗೆರೆ ಎಳೆಯುವ ಮೊದಲು ಅಂಕಿ ಎಲ್ಲಿಂದ ಬಂತು ಅಂತ ವಿಚಾರಿಸಿ. ನಾನು ಹೀಗೇ ಒಂದು ಪಟ್ಟಿ ನೋಡುವಾಗ, ಒಂದು ವಸತಿ ಬಡಾವಣೆಯಲ್ಲಿ ಒಂದೇ ವರ್ಷಕ್ಕೆ ಸಾವಿರಾರು ಕೆಲಸ ಹುಟ್ಟಿದ್ದವು. ಹೋಗಿ ನೋಡಿದರೆ ಎರಡನೇ ಮಹಡಿಯಲ್ಲಿ ಒಂದು ಚಿಕ್ಕ ಆಫೀಸು, ನಾಲ್ಕು ಮೇಜು, ಗೋಡೆ ತುಂಬಾ ಯೂನಿಫಾರ್ಮ್ ಡಬ್ಬಗಳು. ಸೆಕ್ಯುರಿಟಿ ಗಾರ್ಡ್‌ಗಳನ್ನು ಕಳಿಸುವ ಏಜೆನ್ಸಿ. ವಿಳಾಸ ಬದಲಾಗಿತ್ತು, ಅಷ್ಟೇ. ಗಾರ್ಡ್‌ಗಳು ದುಡಿಯುತ್ತಿದ್ದದ್ದು ಬೇರೆಲ್ಲೋ. ಸಂಬಳದ ದಾಖಲೆಯಿಂದ ಬಂದ ಅಂಕಿಯಲ್ಲಿ ಈ ಹೆಡ್ ಆಫೀಸ್ ಕಾಟ ಇದ್ದೇ ಇರುತ್ತದೆ. ಅದನ್ನು ನೋಡಿ ಅಲ್ಲಿಗೆ ಪೈಪ್ ಹಾಕಿಬಿಟ್ಟರೆ ದೇವರೇ ಗತಿ.

ಆಮೇಲೆ ಶಿಫ್ಟ್-ಶೇರ್ ಮಾಡಿ, ಅಂದರೆ ಬೆಳವಣಿಗೆಯಲ್ಲಿ ದೇಶದ ಪಾಲೆಷ್ಟು, ಆ ಉದ್ಯಮದ ಪಾಲೆಷ್ಟು, ನಿಮ್ಮ ಪ್ರದೇಶದ ಪಾಲೆಷ್ಟು ಅಂತ ಬಿಡಿಸಿ ನೋಡುವುದು. ಕಷ್ಟದ್ದೇನಲ್ಲ. ನಿಮ್ಮಲ್ಲಿ ಜವಳಿ ಕೆಲಸ 20,000ದಿಂದ 24,000ಕ್ಕೆ ಏರಿದೆ ಅಂದುಕೊಳ್ಳಿ. ಅದೇ ಹೊತ್ತಿನಲ್ಲಿ ದೇಶದ ಒಟ್ಟು ಉದ್ಯೋಗ ಶೇ. 10 ಬೆಳೆದಿದೆ, ದೇಶದ ಜವಳಿ ಉದ್ಯೋಗ ಬರೀ ಶೇ. 5. ಆಗ ಆ 4,000ದಲ್ಲಿ 2,000 ದೇಶದ ಜೊತೆ ಬಂದದ್ದು. ಜವಳಿ ಹಿಂದುಳಿದದ್ದಕ್ಕೆ ಆ 2,000ದಲ್ಲಿ 1,000 ಕಳೆಯಿರಿ, 1,000 ಆಯಿತು. ಉಳಿದ 3,000 ನಿಮ್ಮ ಪ್ರದೇಶದ್ದೇ. ಟ್ರೆಂಡ್ ಗೆರೆ ಕೈಕೊಡುವುದು ಈ 3,000ದಲ್ಲಿ. ಯಾವುದೋ ಎರಡು ದೊಡ್ಡ ಕಾರ್ಖಾನೆ ಬಂದದ್ದರಿಂದ ಆಗಿರಬಹುದು. ಪ್ರತಿ ಹತ್ತು ವರ್ಷಕ್ಕೂ ಇನ್ನೆರಡು ಬರುತ್ತವೆ ಅಂತ ಯಾರೂ ಬರೆದುಕೊಟ್ಟಿಲ್ಲ. ಈ ಭಾಗವನ್ನು ವರ್ಷ ಕಳೆದಂತೆ ಕಮ್ಮಿ ಮಾಡುತ್ತಾ ಹೋಗಿ.

ಕೊನೆಗೆ ಕೆಲಸ ಮಾಡುವವರು ಯಾರು ಅಂತ ಕೇಳಿ. ಉದ್ಯೋಗ 3.24 ಪಟ್ಟು, ದುಡಿಯುವ ವಯಸ್ಸಿನವರು 1.5 ಪಟ್ಟು ಅಂತ ಬಂದರೆ ಉಳಿದವರು ಎಲ್ಲಿಂದ ಬರಬೇಕು? ಒಂದೋ ವಲಸೆ, ಇಲ್ಲವೇ ದಿನಾ ಹೊರಗಿನಿಂದ ಬಂದು ಹೋಗುವವರು, ಇಲ್ಲವೇ ಇನ್ನೂ ಹೆಚ್ಚು ಮಹಿಳೆಯರು ಕೆಲಸಕ್ಕೆ ಸೇರಬೇಕು. ಮೂರೂ ಆಗದಿದ್ದರೆ ನಿಮ್ಮ ಸಂಖ್ಯೆಯೇ ತಪ್ಪು. ವಲಸೆ ಬರುವವರಿಗೆ ನೀರು ಬೇಕು, ಬಂದು ಹೋಗುವವರಿಗೆ ರಸ್ತೆ ಬೇಕು. ಆದ್ದರಿಂದ ಯಾವುದು ಅನ್ನೋದೂ ಮುಖ್ಯ.

ಉತ್ತರ 2

ಒಂದು ಮಾತು ಸೇರಿಸುತ್ತೇನೆ. 1964ರಲ್ಲಿ ಐರಾ ಲೌರಿ ಎಂಬ ಸಂಶೋಧಕ ಅಮೆರಿಕದ ಪಿಟ್ಸ್‌ಬರ್ಗ್ ನಗರಕ್ಕೆ ಮಾಡಿದ ಮಾದರಿಯಲ್ಲಿ ಉದ್ಯೋಗ ಎರಡು ಬಗೆ. ಹೊರಗಿನ ಮಾರುಕಟ್ಟೆಗೆ ದುಡಿಯುವ ಮೂಲ ಉದ್ಯೋಗ, ಮತ್ತು ಅಲ್ಲಿನ ಮನೆಗಳ ಹಿಂದೆಯೇ ಬರುವ ಅಂಗಡಿ, ಶಾಲೆ, ಕ್ಲಿನಿಕ್‌ನಂಥ ಸೇವೆಗಳು. ಎರಡನ್ನೂ ಒಂದೇ ಶೇಕಡಾದಲ್ಲಿ ಬೆಳೆಸಬೇಡಿ. ಡೇಟಾ ಸೆಂಟರ್ ಬಂದರೆ ಕೆಲಸ ಕಮ್ಮಿ, ಕರೆಂಟ್ ವಿಪರೀತ, ಕೆಲವಕ್ಕೆ ನೀರೂ ಜಾಸ್ತಿ. ಅಂಥವನ್ನು ತಲೆ ಎಣಿಸಿ ಹಿಡಿಯೋಕೆ ಆಗಲ್ಲ, ಬೇರೆ ಸಾಲಿನಲ್ಲಿ ಬರೆಯಿರಿ.

ಉತ್ತರ 3

ನಾನು ಪೈಪ್ ಕಡೆಯವನು, ಆ 'ಒಂದೇ ಸಂಖ್ಯೆ' ಕೇಳುವ ಜಾತಿ. ಜಾಸ್ತಿ ಹಾಕಿದರೆ ಸೇಫ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಳಚರಂಡಿಯಲ್ಲಿ ಅದು ನಿಜ ಅಲ್ಲ. ಹರಿವಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಇಲ್ಲದಿದ್ದರೆ ಕೆಸರು ತಳದಲ್ಲೇ ಕೂರುತ್ತದೆ. ಜನ ಬಾರದ ಕಡೆ ದೊಡ್ಡ ಪೈಪ್ ಅಂದರೆ ವರ್ಷಾವರ್ಷ ಕ್ಲೀನಿಂಗ್.

ಪ್ರಶ್ನೆ ಕೇಳಿದವರು

ಹಾಗಾದರೆ ಕಮ್ಮಿ, ಮಧ್ಯಮ, ಜಾಸ್ತಿ ಅಂತ ಮೂರು ಕೊಟ್ಟರೆ? ಎಲ್ಲರೂ ಮಧ್ಯದ್ದನ್ನೇ ಎತ್ತಿಕೊಳ್ಳುತ್ತಾರೆ, ಅಲ್ವಾ?

ಉತ್ತರ 1

ಎತ್ತಿಕೊಳ್ಳುತ್ತಾರೆ. ಅದಕ್ಕೇ ನಾನು ವರ್ಷವನ್ನೇ ತೆಗೆದುಬಿಡುತ್ತೇನೆ. '2045ಕ್ಕೆ ಎರಡನೇ ಶುದ್ಧೀಕರಣ ಘಟಕ' ಅಂತ ಬರೆಯೋದಿಲ್ಲ, 'ಉದ್ಯೋಗ 1,80,000 ದಾಟಿದಾಗ ಎರಡನೇ ಘಟಕ' ಅಂತ ಬರೆಯುತ್ತೇನೆ. ಬೆಳವಣಿಗೆ ಜೋರಾದರೆ ಬೇಗ ಬರುತ್ತದೆ, ನಿಧಾನವಾದರೆ ತಡವಾಗಿ ಬರುತ್ತದೆ. ಆದರೆ ಕಟ್ಟೋಕೆ ಐದು ವರ್ಷ ಹಿಡಿಯುವ ಕೆಲಸವಾದರೆ 1,80,000ದಂಥ ಆ ಗುರುತನ್ನು ಅಷ್ಟು ಮುಂಚೆಯೇ ನೆಡಬೇಕು. ಜಾಗ ಮಾತ್ರ ಜಾಸ್ತಿ ಅಂದಾಜಿಗೇ ಈಗಲೇ ಹಿಡಿದಿಡಿ, ಆಮೇಲೆ ಸಿಗಲ್ಲ. ಶುದ್ಧೀಕರಣ ಘಟಕ, ಪಂಪ್ ಎಲ್ಲ ಹಂತ ಹಂತವಾಗಿ ಸೇರಿಸಬಹುದು.

ಯಾರಾದರೂ 'ಅಂದಾಜು ಗಟ್ಟಿ ಇದೆ, ಗುರುತು ಯಾಕೆ' ಅಂದರೆ, ಸಂಶೋಧಕ ಫ್ಲಿವ್‌ಬ್ಯೆರ್ಗ್ ಮತ್ತು ಸಂಗಡಿಗರ 2005ರ ಅಧ್ಯಯನ ತೋರಿಸಿ. 14 ದೇಶಗಳ 210 ಸಾರಿಗೆ ಯೋಜನೆಗಳನ್ನು ನೋಡಿದ್ದರು. ಹತ್ತರಲ್ಲಿ ಒಂಬತ್ತು ರೈಲು ಯೋಜನೆಗಳಲ್ಲಿ ಪ್ರಯಾಣಿಕರ ಅಂದಾಜು ಜಾಸ್ತಿಯಾಗಿತ್ತು. ರಸ್ತೆಗಳಲ್ಲೂ ಅರ್ಧದಷ್ಟು ಶೇ. 20ಕ್ಕಿಂತ ಹೆಚ್ಚು ತಪ್ಪಿದ್ದವು, ಕೆಲವು ಮೇಲೆ, ಕೆಲವು ಕೆಳಗೆ.

ಒಂದು ಕೆಲಸ ಇವತ್ತೇ ಮಾಡಿ. ನಿಮ್ಮ 12 ವರ್ಷದಲ್ಲಿ ಮೊದಲ 6 ವರ್ಷ ಮಾತ್ರ ಇಟ್ಟುಕೊಂಡು ಉಳಿದ 6ಕ್ಕೆ ಅಂದಾಜು ಕಟ್ಟಿ. ಒಟ್ಟು ಪ್ರದೇಶಕ್ಕೆ ಎಷ್ಟು ತಪ್ಪಿತು, ಒಂದೊಂದು ಬಡಾವಣೆಗೆ ಎಷ್ಟು ತಪ್ಪಿತು, ಎರಡೂ ನೋಡಿ. ಆ ಟೇಬಲ್ಲನ್ನೇ ಎಂಜಿನಿಯರ್‌ಗಳ ಮುಂದೆ ಇಡಿ.